ಬೆಳ್ಳಿ, ಅರಿಶಿಣ ಮತ್ತು ಮಾವನ ಕಾಲಿನ ಗಾಯ

ಕಂಪ್ಲಿ ಕಡೆಯ ನಮ್ಮ ಸೋದರಮಾವ ಹೋದ ಕಬ್ಬಿನ ಹಂಗಾಮಿನಲ್ಲಿ ಕೂಳೆ ತುಳಿದರು. ಹವಾಯಿ ಚಪ್ಪಲಿ ತೂರಿ ಅಂಗಾಲಿಗೆ ಚುಚ್ಚಿತ್ತು. ಅವರಿಗೆ ಗೊತ್ತಾಗಿದ್ದು ಸಂಜೆ ಮನೆಗೆ ಬಂದು ಕಾಲು ತೊಳೆಯುವಾಗ, ನೀರು ಕೆಂಪಾದ ಮೇಲೆ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಅತ್ತೆ ಸುಣ್ಣ, ಅರಿಶಿಣ ಕಲಸಿ ಹಚ್ಚಿ ಬಟ್ಟೆ ಕಟ್ಟಿದರು. ನೋವಿಲ್ಲ, ಹಾಗಾಗಿ ಚಿಂತೆಯೂ ಇಲ್ಲ. ಮೂರು ವಾರ ಹಾಗೇ ಗದ್ದೆಗೆ ಓಡಾಡಿದರು. ನಾವು ಊರಿಗೆ ಹೋದಾಗ ಕಿರುಬೆರಳಿನ ಪಕ್ಕ ಕಪ್ಪಾಗಿತ್ತು, ವಾಸನೆ ಬರುತ್ತಿತ್ತು. ಕಟ್ಟೆಯ ಮೇಲೆ ಒಂದು ಮುಲಾಮಿನ ಟ್ಯೂಬ್ ಇತ್ತು. ಮೇಲೆ ‘ನ್ಯಾನೋ ಸಿಲ್ವರ್’ ಎಂದು ಬರೆದಿತ್ತು. ಯಾರೋ ಹೇಳಿದ್ದಕ್ಕೆ ಮೆಡಿಕಲ್ ಶಾಪಿನಿಂದ ತಂದಿದ್ದರಂತೆ.

“ಅಳಿಯ, ನೀ ಪೇಪರ್‌ಗೆ ಬರಿಯಾಂವ. ಇದ್ರಾಗ ಖರೇನ ಬೆಳ್ಳಿ ಐತೇನು, ನೋಡಿ ಹೇಳು” ಅಂದರು ಮಾವ.

ಅವತ್ತು ನಾವು ಉತ್ತರ ಕೊಡಲಿಲ್ಲ, ಬೈಕಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಆದರೆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಆಮೇಲೆ ಓದುತ್ತಾ ಹೋದಂತೆ ಆ ಟ್ಯೂಬಿನ ಹಿಂದೆ ಉದ್ದದ ಕಥೆ ಇದೆ ಎಂದು ಗೊತ್ತಾಯಿತು. ಮಾವನಿಗೆ ಹೇಳಬೇಕಾದ ಉತ್ತರ ಇದು. ನಿಮ್ಮ ಮನೆಯಲ್ಲೂ ಇಂಥ ಮಾವ ಇರಬಹುದು ಎಂದು ಇಲ್ಲಿ ಬರೆಯುತ್ತಿದ್ದೇವೆ.

ಗಾಯ ನಮ್ಮ ಸೀಮೆಗೆ ಹೊಸದಲ್ಲ. ಹಂಪಿಯ ಮಹಾನವಮಿ ದಿಬ್ಬದ ಮುಂದೆ ಇವತ್ತು ಸೆಲ್ಫಿ ತೆಗೆಯುತ್ತೇವೆ. ಸುಮಾರು 1520ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪೇಸ್ ಹಬ್ಬದ ಜಟ್ಟಿ ಕಾಳಗ ನೋಡಿ ಬರೆದಿಟ್ಟಿದ್ದಾನೆ. ಹಲ್ಲು ಮುರಿಯುವಂಥ, ಕಣ್ಣು ಹೋಗುವಂಥ ಏಟುಗಳು, ಮಾತೇ ಆಡಲಾಗದ ಜಟ್ಟಿಗಳನ್ನು ಗೆಳೆಯರು ಹೊತ್ತೊಯ್ಯುವುದು ಎಲ್ಲವೂ ಅವನ ಬರಹದಲ್ಲಿದೆ. ಊರೂರಿನ ವೀರಗಲ್ಲುಗಳಲ್ಲಿ ಬಾಣ, ಕತ್ತಿ, ಭರ್ಜಿ ಕಾಣುತ್ತವೆ. ಇವತ್ತು ಯುದ್ಧ ಇಲ್ಲ. 1953ರಲ್ಲಿ ತುಂಗಭದ್ರಾ ಡ್ಯಾಮಿನ ನೀರು ಕಾಲುವೆಗೆ ಬಂದ ಮೇಲೆ ಕಬ್ಬು, ಭತ್ತ ಬಂದವು. ಕುಡುಗೋಲು, ಕೂಳೆಯ ಗಾಯಗಳೂ ಬಂದವು. ಸಂಡೂರಿನ ಗಣಿಯಲ್ಲಿ ಕಲ್ಲಿನ ಪೆಟ್ಟು, ಹೊಸಪೇಟೆಯ ಗ್ಯಾರೇಜು, ಹೋಟೆಲುಗಳಲ್ಲಿ ಸುಟ್ಟ ಗಾಯ. ವೀರಗಲ್ಲು ಹಾಕಿಸುವವರು ಮಾತ್ರ ಯಾರೂ ಇಲ್ಲ.

ಕತ್ತಿಯ ಮಾತು ಬಂತಲ್ಲ, ಒಂದು ವಿಷಯ ಹೇಳಿ ಮುಂದೆ ಹೋಗುತ್ತೇವೆ. ದಕ್ಷಿಣ ಭಾರತದ ಉಕ್ಕು ಹಿಂದೆ ಪಶ್ಚಿಮ ಏಷ್ಯಾಕ್ಕೆ ಹೋಗಿ ಡಮಾಸ್ಕಸ್ ಕತ್ತಿ ಎಂದು ಹೆಸರಾಯಿತು. ಇಂಗ್ಲಿಷಿನವರು ಈ ಉಕ್ಕನ್ನು ‘ವೂಟ್ಜ್’ ಎನ್ನುತ್ತಾರೆ. ಆ ಪದ ನಮ್ಮ ‘ಉಕ್ಕು’ ಎಂಬುದರಿಂದಲೇ ಹುಟ್ಟಿತು ಎನ್ನುವ ವಿದ್ವಾಂಸರು ಬಹಳ ಜನ. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ಪೀಟರ್ ಪೌಫ್ಲರ್ ಮತ್ತು ಸಂಗಡಿಗರು ಅಂಥ 17ನೇ ಶತಮಾನದ ಕತ್ತಿಯೊಂದರ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರೊಳಗೆ ಇಂಗಾಲದ ನ್ಯಾನೋ ಕೊಳವೆಗಳಿವೆ ಎಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಮ್ಮಾರನಿಗೆ ಆ ಹೆಸರು ಗೊತ್ತಿರಲಿಲ್ಲ, ಅವನ ಕುಲುಮೆಯಲ್ಲಿ ಅದು ತಾನಾಗಿ ಆಗಿತ್ತು. ಗಾಯ ಮಾಡುವ ಕತ್ತಿಯಲ್ಲಿ ನ್ಯಾನೋ ಮೊದಲು ಬಂತು, ಗಾಯ ಮಾಯಿಸುವ ಔಷಧಿಯಲ್ಲಿ ಆಮೇಲೆ ಬಂತು.

ಈಗ ನ್ಯಾನೋ ಎಂದರೆ ಏನು? ಅದು ಬರೀ ಅಳತೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. ನಿಮ್ಮ ತಲೆಕೂದಲಿನ ದಪ್ಪವೇ 80 ಸಾವಿರದಿಂದ ಒಂದು ಲಕ್ಷ ನ್ಯಾನೋಮೀಟರ್ ಇರುತ್ತದೆ. ಇಷ್ಟು ಸಣ್ಣ ಮಾಡಿದರೆ ಏನು ಲಾಭ? ಬೆಲ್ಲದಿಂದ ತಿಳಿಯೋಣ. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಬೆಲ್ಲದ ತುಂಡು ತಗೊಳ್ಳಿ. ಅದರ ಹೊರಮೈ ಆರು ಚದರ ಸೆಂಟಿಮೀಟರ್. ಅದನ್ನೇ ಕುಟ್ಟಿ ಒಂದೊಂದು ಮಿಲಿಮೀಟರಿನ ತುಂಡು ಮಾಡಿದರೆ ಹೊರಮೈ ಒಟ್ಟು 60 ಚದರ ಸೆಂಟಿಮೀಟರ್. ಬೆಲ್ಲ ಅಷ್ಟೇ ಇದೆ, ನೀರಿಗೆ ತಗಲುವ ಮೈ ಮಾತ್ರ ಹತ್ತು ಪಟ್ಟು ಆಯಿತು. ಅದಕ್ಕೇ ಪುಡಿ ಬೆಲ್ಲ ಚಹಾದಲ್ಲಿ ಬೇಗ ಕರಗುತ್ತದೆ. ಈಗ ಅಷ್ಟೇ ಗಾತ್ರದ ಬೆಳ್ಳಿಯ ತುಂಡನ್ನು ಹತ್ತು ನ್ಯಾನೋಮೀಟರಿನ ಚೂರುಗಳನ್ನಾಗಿ ಮಾಡಿದರೆ ಒಟ್ಟು ಹೊರಮೈ 600 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಆರು ಗುಂಟೆ! ಪಗಡೆ ಕಾಯಿಯಷ್ಟು ಬೆಳ್ಳಿ, ಆರು ಗುಂಟೆ ಮೈ.

ಬೆಳ್ಳಿಗೆ ಆ ಮೈ ಯಾಕೆ ಬೇಕು ಎಂದರೆ, ಬೆಳ್ಳಿ ತೇವ ಇದ್ದ ಕಡೆ ತನ್ನ ಹೊರಮೈಯಿಂದ ಸ್ವಲ್ಪ ಸ್ವಲ್ಪವೇ ಅಯಾನು ಬಿಡುತ್ತದೆ. ಅಯಾನು ಎಂದರೆ ವಿದ್ಯುತ್ತಿನ ಗುಣ ಇರುವ ಅಣು ಚೂರು. ಅವು ಬ್ಯಾಕ್ಟೀರಿಯಾದ ಹೊರಪೊರೆಗೆ, ಒಳಗಿನ ಪ್ರೋಟೀನಿಗೆ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತವೆ. ಹೊರಮೈ ಹೆಚ್ಚಿದಷ್ಟೂ ಅಯಾನು ಹೆಚ್ಚು. ಸಂಡೂರಿನ ತಾಂಡಾಗಳಲ್ಲಿ ಲಂಬಾಣಿ ಅಜ್ಜಿಯರು ಕಾಲಿಗೆ, ತೋಳಿಗೆ ಹಾಕುವ ಬೆಳ್ಳಿಯೂ ಇದೇ ಬೆಳ್ಳಿ. ಆದರೆ ಕಡಗವನ್ನು ಗಾಯಕ್ಕೆ ಒತ್ತಿದರೆ ಆ ಕೆಲಸ ಆಗುವುದಿಲ್ಲ, ಯಾರೂ ಪ್ರಯತ್ನ ಮಾಡಬೇಡಿ.

ಬೆಳ್ಳಿಯನ್ನು ಔಷಧಿಗೆ ಹಚ್ಚಿದ ಇತಿಹಾಸ ನ್ಯಾನೋ ಎಂಬ ಪದಕ್ಕಿಂತ ಹಳೆಯದು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕಾರ್ಲ್ ಕ್ರೆಡೆ ಎಂಬ ಹೆರಿಗೆ ವೈದ್ಯರಿದ್ದರು. ಹೆರಿಗೆಯಲ್ಲಿ ತಾಯಿಯಿಂದ ಸೋಂಕು ತಗಲಿ ಕೂಸುಗಳ ಕಣ್ಣು ಹೋಗುತ್ತಿದ್ದವು. ಹುಟ್ಟಿದ ಕೂಡಲೇ ಕಣ್ಣಿಗೆ ಸಿಲ್ವರ್ ನೈಟ್ರೇಟಿನ ಹನಿ ಹಾಕಿದರೆ ಅದು ತಪ್ಪುತ್ತದೆ ಎಂದು 1880ರ ದಶಕದ ಶುರುವಿನಲ್ಲಿ ಅವರು ಪ್ರಕಟಿಸಿದರು. ಲೆಕ್ಕವಿಲ್ಲದಷ್ಟು ಕೂಸುಗಳ ಕಣ್ಣು ಉಳಿಯಿತು. 1889ರಲ್ಲಿ ಅಮೆರಿಕದ ಕೇರಿ ಲೀ ಎಂಬುವರು ಬೆಳ್ಳಿಯ ಅತಿ ಸಣ್ಣ ಕಣಗಳು ನೀರಿನಲ್ಲಿ ತೇಲುವ ದ್ರಾವಣ ಮಾಡಿದರು. ಇವತ್ತಿನ ಭಾಷೆಯಲ್ಲಿ ಅದೇ ನ್ಯಾನೋ ಬೆಳ್ಳಿ, ಆಗ ಹೆಸರಿರಲಿಲ್ಲ ಅಷ್ಟೇ. ‘ನ್ಯಾನೋ ಟೆಕ್ನಾಲಜಿ’ ಎಂಬ ಪದ ಬಂದಿದ್ದು 1974ರಲ್ಲಿ, ಜಪಾನಿನ ನೊರಿಯೊ ತನಿಗುಚಿ ಅವರಿಂದ.

ಆಮೇಲೆ 1940ರ ದಶಕದಲ್ಲಿ ಪೆನ್ಸಿಲಿನ್ ಬಂತು. ಬೆಳ್ಳಿ ಮೂಲೆ ಸೇರಿತು. ಸುಟ್ಟ ಗಾಯದವರಿಗೆ ಮಾತ್ರ ಪೆನ್ಸಿಲಿನ್ ಸಾಲಲಿಲ್ಲ. ಸುಟ್ಟ ಚರ್ಮಕ್ಕೆ ರಕ್ತ ಹರಿಯುವುದಿಲ್ಲ, ರಕ್ತದ ಮೂಲಕ ಔಷಧಿ ಅಲ್ಲಿಗೆ ತಲುಪುವುದಿಲ್ಲ. 1965ರಲ್ಲಿ ಅಮೆರಿಕದ ಕಾರ್ಲ್ ಮೋಯರ್ ಅರ್ಧ ಪರ್ಸೆಂಟ್ ಸಿಲ್ವರ್ ನೈಟ್ರೇಟ್‌ನಲ್ಲಿ ಬಟ್ಟೆ ತೋಯಿಸಿ ಕಟ್ಟುವ ಪದ್ಧತಿ ತಂದರು. 1968ರಲ್ಲಿ ಚಾರ್ಲ್ಸ್ ಫಾಕ್ಸ್ ಸಿಲ್ವರ್ ಸಲ್ಫಾಡಯಾಜಿನ್ ಎಂಬ ಬಿಳಿ ಮುಲಾಮು ಮಾಡಿದರು. ಸ್ಟೋವ್ ಸಿಡಿದು, ಬಿಸಿ ಸಾರು ಚೆಲ್ಲಿ ಸುಟ್ಟುಕೊಂಡವರಿಗೆ ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಹಚ್ಚುತ್ತಾ ಬಂದ ಬಿಳಿ ಮುಲಾಮು ಅದೇ. 1990ರ ದಶಕದಲ್ಲಿ ಕೆನಡಾದ ರಾಬರ್ಟ್ ಬರೆಲ್ ನ್ಯಾನೋ ಬೆಳ್ಳಿಯ ಹರಳುಗಳನ್ನು ಬಟ್ಟೆಗೇ ಲೇಪಿಸಿದ ಪಟ್ಟಿ ತಂದರು. ನ್ಯಾನೋ ಬೆಳ್ಳಿ ದೊಡ್ಡ ವ್ಯಾಪಾರ ಆಗಿದ್ದು ಅಲ್ಲಿಂದ.

ನಮ್ಮ ದೇಶದಲ್ಲಿ ಈ ಕೆಲಸ ಮಾಡಿದವರಲ್ಲಿ ಪುಣೆಯ ಅಘರ್ಕರ್ ಸಂಶೋಧನಾ ಸಂಸ್ಥೆಯ ಕಿಶೋರ್ ಪಾಕ್ನಿಕರ್ ಅವರ ತಂಡ ಮುಖ್ಯ. 7ರಿಂದ 20 ನ್ಯಾನೋಮೀಟರ್ ಗಾತ್ರದ ಬೆಳ್ಳಿ ಕಣಗಳ ಜೆಲ್ ಮಾಡಿ 2009ರಲ್ಲಿ ಪ್ರಕಟಿಸಿದರು. ಹಳೆಯ ಬಿಳಿ ಮುಲಾಮಿಗಿಂತ ಬಹಳ ಕಡಿಮೆ ಬೆಳ್ಳಿಯಲ್ಲಿ ಬ್ಯಾಕ್ಟೀರಿಯಾ ಸಾಯುತ್ತವೆ ಎಂಬುದು ಅದರ ಹೆಚ್ಚುಗಾರಿಕೆ.

ಪುಣೆ ಎಂದಾಗ ನಮಗೆ ಕವಾಸ್ಜಿ ನೆನಪಾಗುತ್ತಾನೆ. ಟಿಪ್ಪು ಮತ್ತು ಇಂಗ್ಲಿಷರ ನಡುವೆ 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುತ್ತಿದ್ದ ಈ ಮನುಷ್ಯ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕು ಮೂಗು, ಒಂದು ಕೈ ಕಳೆದುಕೊಂಡ. ಸುಮಾರು ಒಂದು ವರ್ಷದ ಮೇಲೆ ಪುಣೆ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಹಣೆಯ ಚರ್ಮ ತಿರುಗಿಸಿ ಅವನಿಗೆ ಹೊಸ ಮೂಗು ಕೂರಿಸಿದ. 1794ರಲ್ಲಿ ಲಂಡನ್ನಿನ ಪತ್ರಿಕೆ ಅದನ್ನು ಚಿತ್ರ ಸಮೇತ ಅಚ್ಚು ಹಾಕಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಡಾಕ್ಟರು 1814ರಲ್ಲಿ ಲಂಡನ್ನಿನಲ್ಲಿ ಅದೇ ಆಪರೇಷನ್ ಮಾಡಿದರು. ಗೆದ್ದವರ, ಸೋತವರ ಹೆಸರೆಲ್ಲ ಪುಸ್ತಕದಲ್ಲಿದೆ, ಮೂಗು ಕೂರಿಸಿದವನ ಹೆಸರಿಲ್ಲ.

ಹೆಸರಿನ ಮಾತು ಅರಿಶಿಣಕ್ಕೂ ಬಂತು. 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಮೆಡಿಕಲ್ ಸೆಂಟರ್, ಅರಿಶಿಣದಿಂದ ಗಾಯ ಮಾಯಿಸುವುದು ತನ್ನ ಹೊಸ ಶೋಧ ಎಂದು ಪೇಟೆಂಟ್ ಪಡೆಯಿತು. ನಮ್ಮ ಅತ್ತೆಗೆ ಇದನ್ನು ಹೇಳಿದಾಗ ಬಾಯಿಗೆ ಸೆರಗು ಹಿಡಿದು ನಕ್ಕರು. ಆದರೆ ಕೋರ್ಟು, ಕಚೇರಿಗಳಲ್ಲಿ ನಗುವುದು ಸಾಲದು, ಕಾಗದ ಬೇಕು. ರಘುನಾಥ ಮಾಶೇಲ್ಕರ್ ಮುಖ್ಯಸ್ಥರಾಗಿದ್ದ ಸಿಎಸ್‌ಐಆರ್ ಹಳೆಯ ಸಂಸ್ಕೃತ, ಹಿಂದಿ, ಉರ್ದು ಗ್ರಂಥಗಳಿಂದ ಹಿಡಿದು 1953ರ ಭಾರತೀಯ ವೈದ್ಯಕೀಯ ಪತ್ರಿಕೆಯ ಲೇಖನದವರೆಗೆ 32 ದಾಖಲೆ ಒಟ್ಟು ಮಾಡಿ ಕಳಿಸಿತು. 1997ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಅದನ್ನು ತಳ್ಳಿಹಾಕಿತು.

ಅರಿಶಿಣ ಗೆದ್ದಿತು ಎಂದು ನಾವೆಲ್ಲ ಖುಷಿಪಟ್ಟೆವು. ಗೆದ್ದಿದ್ದು ‘ಇದು ಹಳೆಯದು’ ಎಂಬ ವಾದ. ಅಡಿಗೆಮನೆಯ ಅರಿಶಿಣ ಆಳವಾದ ಗಾಯಕ್ಕೆ ಸಾಕು ಎಂದು ಅಲ್ಲಿ ಯಾರೂ ತೀರ್ಪು ಕೊಟ್ಟಿಲ್ಲ. ಅರಿಶಿಣದ ಹಳದಿ ಸತ್ವ ಕರ್ಕ್ಯುಮಿನ್. ಅದಕ್ಕೆ ಉರಿಯೂತ ತಗ್ಗಿಸುವ ಗುಣ ಇದೆ ಎಂದು ಪ್ರಯೋಗಗಳು ಹೇಳುತ್ತವೆ, ಆದರೆ ಅದು ನೀರಿನಲ್ಲಿ ಕರಗುವುದೇ ಇಲ್ಲ. ಡಬ್ಬಿಯ ಅರಿಶಿಣ ಹಚ್ಚಿದರೆ ಬಹುಪಾಲು ಗಾಯದ ಮೇಲೆ ಪುಡಿಯಾಗಿಯೇ ಕೂರುತ್ತದೆ, ಜೊತೆಗೆ ಧೂಳು, ಕಲಬೆರಕೆ ಇದ್ದರೆ ಅದೂ ಕೂರುತ್ತದೆ. ವಿಜ್ಞಾನಿಗಳು ಕರ್ಕ್ಯುಮಿನ್‌ನ ನ್ಯಾನೋ ಕಣ ಮಾಡಲು ಹೊರಟಿದ್ದೇ ಇದಕ್ಕಾಗಿ. ಇನ್ನು ಸುಣ್ಣ ಸೇರಿಸುವುದು! ಸುಣ್ಣ ಚರ್ಮವನ್ನು ಸುಡುತ್ತದೆ. ಈ ಒಂದು ಮಾತಿನಲ್ಲಿ ಅಜ್ಜಿಯಂದಿರ ಜೊತೆ ನಮಗೆ ರಾಜಿ ಇಲ್ಲ.

ಇನ್ನೊಂದು ಮಾತಿನಲ್ಲೂ ಇಲ್ಲ. ‘ಗಾಯಕ್ಕ ಗಾಳಿ ಆಡ್ಲಿ, ಒಣಗಲಿ’ ಎನ್ನುತ್ತೇವಲ್ಲ, 1962ರಲ್ಲಿ ಲಂಡನ್ನಿನ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಪ್ರಯೋಗ ಮಾಡಿ ಅದನ್ನು ತಲೆಕೆಳಗು ಮಾಡಿದರು. ಪಾಲಿಥಿನ್ ಹಾಳೆ ಮುಚ್ಚಿ ತೇವ ಉಳಿಸಿದ ಗಾಯದಲ್ಲಿ ಹೊಸ ಚರ್ಮ, ಗಾಳಿಗೆ ಬಿಟ್ಟ ಗಾಯಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ವೇಗದಲ್ಲಿ ಬೆಳೆಯಿತು. ಹೊಸ ಚರ್ಮದ ಕೋಶಗಳು ಒದ್ದೆ ನೆಲದ ಮೇಲೆ ಸುಲಭವಾಗಿ ತೆವಳುತ್ತವೆ, ಒಣ ಹೆಕ್ಕಳೆ ಇದ್ದರೆ ಅದರ ಕೆಳಗೆ ದಾರಿ ಕೊರೆಯಬೇಕು. ನಾಟಿ ಮಾಡುವವರಿಗೆ ಇದು ಬೇಗ ತಿಳಿಯುತ್ತದೆ, ಬಿರುಕು ಬಿಟ್ಟ ಗದ್ದೆಯಲ್ಲಿ ಸಸಿ ಬೇರು ಬಿಡುವುದಿಲ್ಲ. ಹಾಗೆಂದು ಮನೆಯಲ್ಲಿ ಪ್ಲಾಸ್ಟಿಕ್ ಕವರ್ ಸುತ್ತಬೇಡಿ, ಅದು ತೊಳೆದು ಶುದ್ಧ ಮಾಡಿದ ಗಾಯದ ಮಾತು.

ಈ ‘ತೇವ ಇರಬೇಕು, ಕ್ರಿಮಿ ಇರಬಾರದು’ ಎಂಬ ಎರಡನ್ನೂ ಒಟ್ಟಿಗೆ ಸಾಧಿಸುವುದೇ ಈಗಿನ ನ್ಯಾನೋ ಪಟ್ಟಿಗಳ ಕೆಲಸ. 2012ರಲ್ಲಿ ಕೊಚ್ಚಿಯ ಅಮೃತ ಸಂಸ್ಥೆಯ ಆರ್. ಜಯಕುಮಾರ್ ಅವರ ತಂಡ ಸೀಗಡಿ, ಏಡಿಗಳ ಸಿಪ್ಪೆಯಿಂದ ಬರುವ ಕೈಟೋಸಾನ್ ಎಂಬ ವಸ್ತುವಿಗೆ ಸತುವಿನ ಆಕ್ಸೈಡಿನ ನ್ಯಾನೋ ಕಣ ಸೇರಿಸಿ ಸ್ಪಂಜಿನಂಥ ಪಟ್ಟಿ ಮಾಡಿ ಇಲಿಗಳ ಮೇಲೆ ಪರೀಕ್ಷಿಸಿತು. ಬೆಂಗಳೂರಿನ ಜಕ್ಕೂರಿನಲ್ಲಿ ಸಿ.ಎನ್.ಆರ್. ರಾವ್ ಅವರು 1989ರಲ್ಲಿ ಕಟ್ಟಿದ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಾಲ್ದಾರ್ ಅವರ ತಂಡ ಬ್ಯಾಕ್ಟೀರಿಯಾ ಕೊಲ್ಲುವ ಪಾಲಿಮರ್‌ಗಳಿಗೆ ಬೆಳ್ಳಿ ಕಣ ಸೇರಿಸುವ ಕೆಲಸ ಮಾಡಿದೆ. 2017ರಲ್ಲಿ ಸೂಜಿಯಿಂದ ಗಾಯದೊಳಗೆ ತುಂಬಬಹುದಾದ ಕೈಟೋಸಾನ್ ಜೆಲ್ ಪ್ರಕಟಿಸಿದೆ. ರೇಷ್ಮೆ ಬೆಳೆಯುವ ರಾಜ್ಯ ನಮ್ಮದು. ರೇಷ್ಮೆ ಎಳೆಯ ಫೈಬ್ರೊಯಿನ್ ಎಂಬ ಪ್ರೋಟೀನಿನಿಂದ ಗಾಯದ ಪಟ್ಟಿ ಮಾಡಿ ಮಾರುವ ಫೈಬ್ರೊಹೀಲ್ ಎಂಬ ಕಂಪನಿ ಬೆಂಗಳೂರಿನಲ್ಲಿದೆ. ಇಲಿಯ ಗಾಯ ಮಾಯುವುದಕ್ಕೂ ಕಂಪ್ಲಿಯ ರೈತನ ಕಾಲು ಮಾಯುವುದಕ್ಕೂ ನಡುವೆ ಬಹಳ ದೂರ ಇದೆ ಎನ್ನುವುದು ಮಾತ್ರ ನೆನಪಿರಲಿ. ಆರೋಗ್ಯವಂತ ಇಲಿ ಗದ್ದೆಗೆ ಹೋಗುವುದಿಲ್ಲ, ಅದಕ್ಕೆ ಹತ್ತು ವರ್ಷದ ಸಕ್ಕರೆ ಕಾಯಿಲೆಯೂ ಇಲ್ಲ.

ಮನುಷ್ಯರ ಮೇಲೆ ಬೆಳ್ಳಿ ಏನು ಮಾಡಿತು ಎಂದು ಜಗತ್ತಿನ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡುವ ಕೊಕ್ರೇನ್ ಎಂಬ ಸಂಸ್ಥೆ ಇದೆ. 2010ರಲ್ಲಿ ಅವರು 26 ಪ್ರಯೋಗ, 2,066 ರೋಗಿಗಳ ಲೆಕ್ಕ ನೋಡಿದರು. ಬೆಳ್ಳಿಯ ಪಟ್ಟಿ, ಮುಲಾಮುಗಳಿಂದ ಗಾಯ ಬೇಗ ಮಾಯುತ್ತದೆ, ಸೋಂಕು ತಪ್ಪುತ್ತದೆ ಎಂದು ಹೇಳಲು ಸಾಕಷ್ಟು ಸಾಕ್ಷ್ಯ ಇಲ್ಲ ಎಂದರು. 2013ರಲ್ಲಿ ಸುಟ್ಟ ಗಾಯದ ಪಟ್ಟಿಗಳ ಪರಿಶೀಲನೆಯಲ್ಲಿ ಆ ಹಳೆಯ ಬಿಳಿ ಮುಲಾಮು ಬೇರೆ ಪಟ್ಟಿಗಳಿಗಿಂತ ಹಿಂದೆ ಬಿತ್ತು. ಸಕ್ಕರೆ ಕಾಯಿಲೆಯ ಪಾದದ ಬಗ್ಗೆ ಮಾರ್ಗಸೂಚಿ ಕೊಡುವ ಅಂತರರಾಷ್ಟ್ರೀಯ ತಜ್ಞರ ಗುಂಪು 2023ರಲ್ಲಿ, ಪಾದದ ಹುಣ್ಣು ಮಾಯಲಿ ಎಂದು ಕ್ರಿಮಿನಾಶಕ ಪಟ್ಟಿಗಳನ್ನು ಬಳಸಬೇಡಿ ಎಂದು ನೇರವಾಗಿ ಹೇಳಿತು. ಬೆಳ್ಳಿಯೂ ಅದರಲ್ಲೇ ಬಂತು. ಬೆಳ್ಳಿ ಕ್ರಿಮಿ ಕೊಲ್ಲುತ್ತದೆ, ಸುಳ್ಳಲ್ಲ. ಸೋಂಕಾದ ಸುಟ್ಟ ಗಾಯಕ್ಕೆ ಡಾಕ್ಟರು ಬರೆದುಕೊಟ್ಟರೆ ಹಚ್ಚಿ. ಆದರೆ ಮಾವನ ಕಾಲು ಕೆಟ್ಟಿದ್ದು ಬರೀ ಕ್ರಿಮಿಯಿಂದಲ್ಲ.

ಅದು ಕೆಟ್ಟಿದ್ದು ನೋವಿಲ್ಲದ್ದರಿಂದ. ಇದನ್ನು ಜಗತ್ತಿಗೆ ಚೆನ್ನಾಗಿ ತಿಳಿಸಿದವರಲ್ಲಿ ಒಬ್ಬರು ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರಾಂಡ್. 1946ರಿಂದ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲು ನೋಡಿದ ಸರ್ಜನ್. ಕುಷ್ಠದಿಂದ ಬೆರಳು ತಾನಾಗಿ ಉದುರುತ್ತದೆ ಎಂದು ಎಲ್ಲರೂ ನಂಬಿದ್ದರು. ಬ್ರಾಂಡ್ ನೋಡಿದ್ದು ಬೇರೆ: ಸ್ಪರ್ಶ ಸತ್ತ ಕೈಯಿಂದ ಬಿಸಿ ಪಾತ್ರೆ ಹಿಡಿಯುತ್ತಾರೆ, ಮೊಳೆ ಚುಚ್ಚಿದ ಕಾಲಲ್ಲೇ ನಡೆಯುತ್ತಾರೆ, ರಾತ್ರಿ ಮಲಗಿದಾಗ ಇಲಿ ಬೆರಳು ಕಡಿದರೂ ಎಚ್ಚರ ಆಗುವುದಿಲ್ಲ. ಇಲಿ ಓಡಿಸಲಿ ಎಂದು ರೋಗಿಗಳಿಗೆ ಬೆಕ್ಕು ಕೊಟ್ಟು ಕಳಿಸಿದರಂತೆ. ಅಂಗಾಲಿನ ಹುಣ್ಣಿಗೆ ಔಷಧಿಗಿಂತ ಮೊದಲು ಭಾರ ಇಳಿಸಬೇಕು, ಕಾಲಿಗೆ ಸರಿಯಾಗಿ ಕೂರುವ ಪ್ಲಾಸ್ಟರ್ ಹಾಕಿದರೆ ಭಾರ ಇಡೀ ಕಾಲಿಗೆ ಹಂಚಿಹೋಗುತ್ತದೆ ಎಂಬುದನ್ನು ಜೋಸೆಫ್ ಖಾನ್ ಎಂಬ ವೈದ್ಯರು 1939ರಲ್ಲೇ ಭಾರತದಲ್ಲಿ ಬರೆದಿದ್ದರು. ಬ್ರಾಂಡ್ 1966ರಲ್ಲಿ ಅಮೆರಿಕಕ್ಕೆ ಹೋದಾಗ ಈ ಪ್ಲಾಸ್ಟರ್ ಪದ್ಧತಿ ಅವರ ಜೊತೆ ಹೋಯಿತು. ಸಕ್ಕರೆ ಕಾಯಿಲೆಯವರ ಕಾಲಿಗೂ ಅದೇ ಬಂತು. ಇವತ್ತಿಗೂ ದೊಡ್ಡ ಮಾರ್ಗಸೂಚಿಗಳಲ್ಲಿ ಅಂಗಾಲಿನ ಹುಣ್ಣಿಗೆ ಮೊದಲ ಚಿಕಿತ್ಸೆ ಎಂದರೆ ಮೊಣಕಾಲಿನವರೆಗೆ ಬರುವ, ಬಿಚ್ಚಲಾಗದ ಆಸರೆ.

ಭಾರತದಲ್ಲಿ 10 ಕೋಟಿ 10 ಲಕ್ಷ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಎಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿತು. ಇದು ಪೇಟೆಯವರ ರೋಗ ಎನ್ನುವ ಕಾಲ ಹೋಯಿತು. ಬರಿಗಾಲಲ್ಲಿ ಗದ್ದೆಗಿಳಿಯುವವರಿಗೆ ಇದು ಇನ್ನೂ ಅಪಾಯ. ಸಕ್ಕರೆ ಕಾಯಿಲೆಯವರು ಇದ್ದರೆ ದಿನಾ ರಾತ್ರಿ ಮನೆಯಲ್ಲಿ ಯಾರಾದರೊಬ್ಬರು ಅವರ ಅಂಗಾಲು ನೋಡಿ. ಮೊಬೈಲಿನ ಟಾರ್ಚ್ ಸಾಕು. ಗಾಯ ಕಂಡರೆ ಶುದ್ಧ ನೀರಿನಿಂದ ತೊಳೆದು ಒಣ ಶುದ್ಧ ಬಟ್ಟೆ ಕಟ್ಟಿ ಆಸ್ಪತ್ರೆಗೆ ಹೋಗಿ. ಕಪ್ಪು ಬಣ್ಣ, ವಾಸನೆ, ಊತ, ಜ್ವರ ಇದ್ದರೆ ನಾಳೆ ಎನ್ನಬೇಡಿ. ಬೆಳ್ಳಿ ನೀರು ಕುಡಿದರೆ ಒಳಗಿನಿಂದ ಮಾಯುತ್ತದೆ ಎಂದು ಮಾರುವವರೂ ಇದ್ದಾರೆ. ಕುಡಿಯುತ್ತಾ ಹೋದರೆ ಚರ್ಮ ನೀಲಿ ಬೂದು ಬಣ್ಣಕ್ಕೆ ತಿರುಗಿ ಹಾಗೇ ಉಳಿಯುತ್ತದೆ. ಅಮೆರಿಕದ ಎಫ್‌ಡಿಎ 1999ರಲ್ಲೇ ಅಂಥ ಔಷಧಿ ಸುರಕ್ಷಿತವೂ ಅಲ್ಲ, ಪರಿಣಾಮಕಾರಿಯೂ ಅಲ್ಲ ಎಂದಿದೆ. ಬೆಂಗಳೂರಿನ ಕರ್ನಾಟಕ ಎಂಡೋಕ್ರೈನಾಲಜಿ ಸಂಸ್ಥೆಯಲ್ಲಿ ಪಾದಕ್ಕೆಂದೇ ಸರಕಾರಿ ವಿಭಾಗ ಇದೆ. ಹೊಸಪೇಟೆಯಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿರಬಹುದು.

ಮಾವನ ಕಿರುಬೆರಳು ಉಳಿಯಲಿಲ್ಲ. ಪಾದ ಉಳಿಯಿತು. ಕಪ್ಪಾದ ಭಾಗ ಕತ್ತರಿಸಿ, ಇಂಜೆಕ್ಷನ್ ಕೊಟ್ಟು, ಇನ್ಸುಲಿನ್ ಶುರು ಮಾಡಿ, ಎರಡು ತಿಂಗಳು ಕಾಲು ಊರಬೇಡಿ ಎಂದರು. ಗಾಯ ಮಾಯಲು ಬೇಕಾಗಿದ್ದ ಮುಖ್ಯ ಔಷಧಿ ಅದೇ, ಊರದೇ ಇರುವುದು. ರೈತನಿಗೆ ಅದರಷ್ಟು ದುಬಾರಿ ಔಷಧಿ ಇಲ್ಲ. ಆ ವರ್ಷ ಕಬ್ಬಿನ ಕೆಲಸವನ್ನೆಲ್ಲ ಅತ್ತೆ ಮತ್ತು ಕೂಲಿಯವರು ಮಾಡಿದರು.

ಮೊನ್ನೆ ಹೋದಾಗ ಮಾವ ಬದುವಿನ ಮೇಲೆ ಕೂತಿದ್ದರು. ಕಾಲಿಗೆ ಎಂಸಿಆರ್ ಚಪ್ಪಲಿ, ಮೆತ್ತನೆಯ ರಬ್ಬರಿನದು. ಇದೂ ವೆಲ್ಲೂರಿನ ಕುಷ್ಠರೋಗಿಗಳಿಗೆಂದು ಮಾಡಿದ ಚಪ್ಪಲಿಯೇ. ಬೆಳ್ಳಿಯ ಕಥೆಯನ್ನೆಲ್ಲ ಹೇಳಿದೆವು, ಆರು ಗುಂಟೆಯ ಲೆಕ್ಕವನ್ನೂ. ಅವರು ಚಪ್ಪಲಿ ಬಿಚ್ಚಿ ಅಂಗಾಲು ತಿರುಗಿಸಿ ತೋರಿಸಿದರು.

“ಆರು ಗುಂಟಿ ಇರ್ಲಿ ಬಿಡು ಅಳಿಯ. ಇಲ್ಲಿ ಏನರ ಕೆಂಪಾಗೈತೇನು ನೋಡು, ನನಗ ಕಾಣಂಗಿಲ್ಲ.”

ನೋಡಿದೆವು. ಏನೂ ಇರಲಿಲ್ಲ.